ಹೆಣಿಗೆಗೆ ಆದ ಹಾನಿ, ಮನೆಗೆ ಬಂದ ಹೊಸ ಬೆಕ್ಕು: ಗುರುತು ನೋಡಿ ಕಾರಣ ಪತ್ತೆಹಚ್ಚುವ ಕೈಪಿಡಿ

ಮನೆಯಲ್ಲಿ ಮೊದಲೇ ಒಂದು ಬೆಕ್ಕು ಇದ್ದು, ಎರಡನೆಯದನ್ನು ತಂದ ಕೆಲವು ದಿನಗಳಲ್ಲಿ ಹೆಣಿಗೆಯ ಕೆಲಸಕ್ಕೆ ಒಂದಲ್ಲ ಒಂದು ಹಾನಿ ತಟ್ಟುವುದು ಸಾಮಾನ್ಯ. ಅರ್ಧಕ್ಕೆ ನಿಂತ ಸ್ವೆಟರಿನ ಮೈಮೇಲೆ ಎಳೆಗಳು ಎದ್ದಿರುತ್ತವೆ, ಕಡ್ಡಿಯಿಂದ ಒಂದು ಸಾಲು ಪೂರ್ತಿಯಾಗಿ ಜಾರಿರುತ್ತದೆ, ಶಾಲಿನ ಅಂಚು ಒದ್ದೆಯಾಗಿ ಗಂಟುಗಟ್ಟಿರುತ್ತದೆ, ಕೆಲವು ಮನೆಗಳಲ್ಲಿ ಉಲ್ಲನ್ ಬುಟ್ಟಿಯಿಂದ ಮೂತ್ರದ ವಾಸನೆ ಬರತೊಡಗುತ್ತದೆ. ಇವನ್ನೆಲ್ಲ ಬೆಕ್ಕಿನ ಚೇಷ್ಟೆ ಎಂಬ ಒಂದೇ ಮಾತಿನಲ್ಲಿ ಮುಗಿಸಿ, ಬಿಚ್ಚಿ, ಮತ್ತೆ ಹೆಣೆಯಲು ಕುಳಿತರೆ ಅದೇ ಹಾನಿ ಮರುಕಳಿಸುತ್ತದೆ. ಆಟದ ಹುರುಪಿನಲ್ಲಿ ಆದ ಹಾನಿ ಬೇರೆ, ಮಲಗುವ ಮುನ್ನ ಪಂಜಗಳಿಂದ ಮಿದಿಯುವಾಗ ಆದದ್ದು ಬೇರೆ, ಎರಡು ಬೆಕ್ಕುಗಳ ನಡುವಿನ ಭಯದಿಂದ ಆದದ್ದು ಬೇರೆ, ಉಣ್ಣೆಯನ್ನು ಚೀಪಿ ತಿನ್ನುವ ಚಟದಿಂದ ಆದದ್ದು ಬೇರೆ. ಪ್ರತಿಯೊಂದೂ ಹೆಣಿಗೆಯ ಮೇಲೆ ತನ್ನದೇ ಗುರುತನ್ನು ಬಿಡುತ್ತದೆ. ಆ ಗುರುತನ್ನು ಓದಿ, ಕಾರಣವನ್ನು ಸರಿಪಡಿಸಿ, ಆಮೇಲೆ ಕುಣಿಕೆಗಳಿಗೆ ಕೈಹಚ್ಚುವುದೇ ಸರಿಯಾದ ಕ್ರಮ.

ಉಲ್ಲನ್ ಬುಟ್ಟಿಯೇ ಗುರಿಯಾಗುವುದಕ್ಕೆ ಕಾರಣವಿದೆ. ಬೆಕ್ಕು ತನ್ನ ಪರಿಸರವನ್ನು ಬಹುಮಟ್ಟಿಗೆ ವಾಸನೆಯಿಂದ ಗುರುತಿಸುತ್ತದೆ. ಕೆನ್ನೆ, ಗದ್ದ ಮತ್ತು ಪಂಜಗಳಲ್ಲಿರುವ ಗ್ರಂಥಿಗಳ ಮೂಲಕ ತನ್ನ ವಾಸನೆಯನ್ನು ವಸ್ತುಗಳಿಗೆ ಹಚ್ಚುತ್ತದೆ. ಹೆಣೆಯುವವರು ಗಂಟೆಗಟ್ಟಲೆ ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಳ್ಳುವ ಉಲ್ಲನ್‌ಗೆ ಅವರ ಮೈವಾಸನೆಯೂ, ಪಕ್ಕದಲ್ಲಿ ಮಲಗುವ ಹಳೆಯ ಬೆಕ್ಕಿನ ವಾಸನೆಯೂ ದಟ್ಟವಾಗಿ ಅಂಟಿರುತ್ತವೆ. ಹೊಸ ಬೆಕ್ಕು ಬಂದೊಡನೆ ಆ ಬುಟ್ಟಿ ಎರಡೂ ಬೆಕ್ಕುಗಳು ಹಕ್ಕು ಸಾಧಿಸಬಯಸುವ ಜಾಗವಾಗುತ್ತದೆ. ಬೆಂಗಳೂರಿನಂಥ ಊರಿನಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಚಳಿಗಾಲವೇ ಹೆಣಿಗೆಯ ಕಾಲವೂ ಆಗಿರುವುದರಿಂದ, ಬೆಚ್ಚನೆಯ ಮೂಲೆ ಹುಡುಕುವ ಬೆಕ್ಕಿಗೂ ಉಲ್ಲನ್‌ಗೂ ಆಗಲೇ ಹೆಚ್ಚು ಭೇಟಿಯಾಗುತ್ತದೆ.

ಮೊದಲ ಪರೀಕ್ಷೆ: ದಾರ ಪೂರ್ತಿ ಇದೆಯೇ?

ಹಾನಿ ಯಾವುದೇ ಆಗಿರಲಿ, ಬೇರೇನನ್ನೂ ನೋಡುವ ಮೊದಲು ದಾರದ ಯಾವುದಾದರೂ ತುಂಡು ಕಾಣೆಯಾಗಿದೆಯೇ ಎಂದು ನೋಡಬೇಕು. ತುಂಡಾದ ಎರಡು ತುದಿಗಳನ್ನು ಹುಡುಕಿ ಜೋಡಿಸಿ, ನಡುವಿನ ಭಾಗ ಸಿಗುತ್ತದೆಯೇ ಎಂದು ಪರಿಶೀಲಿಸಿ. ಕುಣಿಕೆಯ ಗುರುತಿಗೆ ಹಾಕಿದ ಸಣ್ಣ ಬಳೆಗಳು, ಮೊಂಡು ಸೂಜಿ, ಪಿನ್ನು ಇವೆಲ್ಲ ಲೆಕ್ಕಕ್ಕೆ ಸಿಗಬೇಕು. ಉಂಡೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡುವ ಅಭ್ಯಾಸ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬಾರದು: ಸಾಮಾನ್ಯ ಸ್ವೆಟರಿಗೆ ಬಳಸುವ ಮಧ್ಯಮ ದಪ್ಪದ ದಾರ 100 ಗ್ರಾಮಿಗೆ ಸುಮಾರು 200ರಿಂದ 250 ಮೀಟರ್ ಬರುತ್ತದೆ, ಅಂದರೆ 1 ಗ್ರಾಮಿಗೆ ಸುಮಾರು ಎರಡರಿಂದ ಎರಡೂವರೆ ಮೀಟರ್. ಬೆಕ್ಕಿನ ಪ್ರಾಣಕ್ಕೆ ಎರವಾಗಲು ಅದಕ್ಕಿಂತ ಎಷ್ಟೋ ಚಿಕ್ಕ ತುಂಡು ಸಾಕು, ಅಷ್ಟು ಚಿಕ್ಕ ವ್ಯತ್ಯಾಸವನ್ನು ಮನೆಯ ತಕ್ಕಡಿ ತೋರಿಸುವುದಿಲ್ಲ.

ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ, ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ. ಅದು ನುಂಗುತ್ತಲೇ ಹೋಗುತ್ತದೆ. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಕೊನೆಯಲ್ಲೋ ಸಿಕ್ಕಿಕೊಂಡರೆ, ಉಳಿದ ಭಾಗ ಕರುಳಿನಲ್ಲಿ ಮುಂದೆ ಸಾಗಲು ಯತ್ನಿಸುವಾಗ ಕರುಳು ಲಂಗದ ನೆರಿಗೆಯ ಹಾಗೆ ದಾರದ ಮೇಲೆ ಒತ್ತೊತ್ತಾಗಿ ಮಡಿಚಿಕೊಳ್ಳುತ್ತದೆ, ಕೊನೆಗೆ ಬಿಗಿದ ದಾರ ಕರುಳಿನ ಗೋಡೆಯನ್ನೇ ಕೊಯ್ಯಬಹುದು. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಜೊಲ್ಲು ಸುರಿಸುವುದು, ಪಂಜದಿಂದ ಬಾಯಿ ಕೆರೆದುಕೊಳ್ಳುವುದು, ಮಂಕಾಗಿ ಮೂಲೆ ಸೇರುವುದು ಇದರ ಲಕ್ಷಣಗಳು. ಹೊಸದಾಗಿ ಬಂದ ಬೆಕ್ಕು ಹೆದರಿಕೆಯಿಂದಲೂ ಅಡಗಿ ಕೂರುತ್ತದೆ, ಊಟ ಬಿಡುತ್ತದೆ. ಆದ್ದರಿಂದ ದಾರ ಕಾಣೆಯಾಗಿರುವ ಮನೆಯಲ್ಲಿ ಈ ಲಕ್ಷಣಗಳನ್ನು ಹೊಸ ಜಾಗದ ಅಂಜಿಕೆಯೆಂದು ತಳ್ಳಿಹಾಕುವುದು ಅಪಾಯ. ಬಾಯಿಂದಾಗಲಿ ಗುದದ್ವಾರದಿಂದಾಗಲಿ ದಾರ ಹೊರಗೆ ಕಂಡರೂ ಅದನ್ನು ಎಂದಿಗೂ ಎಳೆಯಬಾರದು, ಮನೆಯಲ್ಲಿ ವಾಂತಿ ಮಾಡಿಸಲು ಪ್ರಯತ್ನಿಸಬಾರದು. ಲಕ್ಷಣಗಳು ಕಾಣಲೆಂದು ಕಾಯದೆ, ಅದೇ ದಾರದ ಇನ್ನೊಂದು ತುಂಡನ್ನು ಕೈಯಲ್ಲಿ ಹಿಡಿದು ಪಶುವೈದ್ಯರ ಬಳಿ ಹೋಗಬೇಕು. ಬೆಂಗಳೂರಿನವರಿಗೆ ಖಾಸಗಿ ಚಿಕಿತ್ಸಾಲಯಗಳಲ್ಲದೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು, ಏಕೆಂದರೆ ದಾರ ಇನ್ನೂ ಜಠರದಲ್ಲಿರುವಾಗ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಿಂದ ತೆಗೆಯುವ ಅವಕಾಶವಿರುತ್ತದೆ.

ಬೆಕ್ಕಿಗೆ ಆಡಲು ಉಲ್ಲನ್ ಉಂಡೆ ಕೊಡುವ ಚಿತ್ರಗಳು ಕ್ಯಾಲೆಂಡರುಗಳಲ್ಲಿ ಎಷ್ಟೇ ಮುದ್ದಾಗಿ ಕಂಡರೂ, ಮನೆಯಲ್ಲಿ ಯಾರೂ ಅದನ್ನು ಮಾಡಬಾರದು. ಇದರಲ್ಲಿ ವಿನಾಯಿತಿಗೆ ಎಡೆಯಿಲ್ಲವೆಂದೇ ನನ್ನ ಅಭಿಪ್ರಾಯ.

ಎಳೆ ಎದ್ದಿದ್ದರೆ

ಎದ್ದ ಎಳೆಗಳು ಎಷ್ಟಿವೆ, ಹೇಗೆ ಹರಡಿವೆ ಎಂಬುದರಲ್ಲಿಯೇ ಕಾರಣ ಅಡಗಿದೆ. ಅಂಗೈಯಗಲದ ಜಾಗದಲ್ಲಿ ಗಿಡ್ಡನೆಯ ಎಳೆಗಳು ಗುಂಪಾಗಿ ಎದ್ದಿದ್ದರೆ, ಬೆಕ್ಕು ಅಲ್ಲಿ ಕುಳಿತು ಎರಡೂ ಮುಂಗಾಲುಗಳಿಂದ ಮಿದಿದಿದೆ ಎಂದರ್ಥ. ಇದು ಮರಿ ತಾಯಿಯ ಮೊಲೆಯನ್ನು ಒತ್ತುವ ಕ್ರಿಯೆಯ ಮುಂದುವರಿಕೆ, ನೆಮ್ಮದಿಯ ಲಕ್ಷಣ. ಗದರಿಸಬೇಕಾದ ವಿಷಯವೇ ಅಲ್ಲ. ಒತ್ತಾದ ನೇಯ್ಗೆಯ ಹಳೆಯ ಹತ್ತಿ ಜಮಖಾನವನ್ನು ಅದೇ ಜಾಗದಲ್ಲಿ ಹಾಸಿ, ಉಗುರಿನ ಚೂಪು ತುದಿಯನ್ನು ಮಾತ್ರ, ಒಳಗಿನ ಗುಲಾಬಿ ಭಾಗ ತಾಗದಂತೆ, ಆಗಾಗ ಕತ್ತರಿಸಿದರೆ ಸಾಕು. ಇದಕ್ಕೆ ಬದಲಾಗಿ ಒಂದೇ ಒಂದು ಉದ್ದನೆಯ ಎಳೆ ಅಂಚಿನಿಂದ ಅಥವಾ ತೋಳಿನ ಕೊನೆಯಿಂದ ಹೊರಬಂದಿದ್ದು, ಉಂಡೆಯೂ ಕೋಣೆಯ ತುಂಬ ಬಿಚ್ಚಿ ಹರಡಿದ್ದರೆ, ಅದು ಬೇಟೆಯಾಟ. ಬೆಕ್ಕು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಹೆಚ್ಚು ಚುರುಕಾಗಿರುವ ಪ್ರಾಣಿ. ಈ ಹಾನಿ ನಡೆಯುವುದೂ ಹೆಚ್ಚಾಗಿ ಆ ಹೊತ್ತಿನಲ್ಲಿಯೇ. ಸಂಜೆಯ ಊಟಕ್ಕೆ ಮುಂಚೆ ಕೋಲಿಗೆ ಗರಿ ಕಟ್ಟಿದ ಆಟಿಕೆಯಿಂದ ಪ್ರತಿಯೊಂದು ಬೆಕ್ಕನ್ನೂ ಬೇರೆಬೇರೆಯಾಗಿ ದಣಿಯುವವರೆಗೆ ಆಡಿಸಿ, ಆಟಿಕೆಯನ್ನು ಬೀರುವಿನಲ್ಲಿ ಎತ್ತಿಟ್ಟು, ಆಮೇಲೆ ಊಟ ಹಾಕಿದರೆ ಹುರುಪು ಸರಿಯಾದ ದಾರಿ ಹಿಡಿಯುತ್ತದೆ.

ದುರಸ್ತಿಯ ವಿಷಯದಲ್ಲಿ ಮೊದಲ ನಿಯಮವೆಂದರೆ ಎದ್ದ ಎಳೆಯನ್ನು ಕತ್ತರಿಸಬಾರದು. ಕತ್ತರಿಸಿದರೆ ಎರಡು ತುದಿಗಳಾಗಿ, ಅಕ್ಕಪಕ್ಕದ ಕುಣಿಕೆಗಳು ಬಿಟ್ಟುಕೊಂಡು ಏಣಿಯಂತೆ ಕೆಳಗಿಳಿಯುತ್ತವೆ. ಎಳೆಯೆದ್ದ ಉದ್ದವೆಲ್ಲವೂ ಅದೇ ಸಾಲಿನ ಅಕ್ಕಪಕ್ಕದ ಕುಣಿಕೆಗಳಿಂದಲೇ ಬಂದಿರುತ್ತದೆ, ಆದ್ದರಿಂದ ಅದು ಅಲ್ಲಿಗೇ ಹಿಂತಿರುಗಬೇಕು. ಮೊದಲು ಬಟ್ಟೆಯನ್ನು ಅಗಲಕ್ಕೆ ಎರಡು ಮೂರು ಸಲ ಮೆಲ್ಲಗೆ ಜಗ್ಗಿ. ಚಿಕ್ಕ ಎಳೆಗಳು ಇಷ್ಟಕ್ಕೇ ಒಳಸೇರುತ್ತವೆ. ಉಳಿದವುಗಳಿಗೆ ಮೊಂಡು ಸೂಜಿ ಹಿಡಿದು, ಎಳೆಯ ಒಂದು ಬದಿಯ ಬಿಗಿದ ಕುಣಿಕೆಯಿಂದ ಆರಂಭಿಸಿ, ಸ್ವಲ್ಪ ಸಡಿಲವನ್ನು ಅದಕ್ಕೆ ಕೊಟ್ಟು, ಅಲ್ಲಿಂದ ಮುಂದಿನದಕ್ಕೆ, ಹೀಗೆ ಎರಡೂ ಬದಿಗೆ ಹಂಚುತ್ತಾ ಹೋಗಬೇಕು. ಒಂದೇ ಬದಿಗೆ ಎಲ್ಲವನ್ನೂ ತಳ್ಳಿದರೆ ಅಲ್ಲಿ ಸಡಿಲ ಸಾಲಿನ ಕಲೆ ಉಳಿಯುತ್ತದೆ. ಕೊನೆಗೆ ಉಣ್ಣೆಯಾದರೆ ನೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಒತ್ತಿ, ಸಮತಟ್ಟಾಗಿ ಹರಡಿ ಒಣಗಿಸಿದಾಗ ಕುಣಿಕೆಗಳು ಸಮನಾಗುತ್ತವೆ. ಅಕ್ರಿಲಿಕ್ ದಾರಕ್ಕೆ ಇಸ್ತ್ರಿಯ ಬಿಸಿ ತಾಗಿಸಬಾರದು, ಅದರ ಎಳೆ ಕರಗಿ ಜೋಲು ಬೀಳುತ್ತದೆ.

ಒದ್ದೆ ಅಂಚು, ಕತ್ತರಿಸಿದಂಥ ತೂತು

ಅಂಚು ಒದ್ದೆಯಾಗಿ ಜೂಲುಗಟ್ಟಿದ್ದು, ದಾರ ತುಂಡಾಗಿರದಿದ್ದರೆ ಅದು ಚೀಪುವಿಕೆ. ತಾಯಿಯಿಂದ ಬಹಳ ಬೇಗ ಬೇರ್ಪಟ್ಟ ಮರಿಗಳಲ್ಲಿ ಇದು ಕಾಣುತ್ತದೆ, ಬೀದಿಯಿಂದ ಎತ್ತಿ ತಂದ ಒಂಟಿ ಮರಿಗಳ ಪೈಕಿ ಅಂಥವು ಸಾಕಷ್ಟಿರುತ್ತವೆ. ಆದರೆ ಕತ್ತರಿಯಿಂದ ಕತ್ತರಿಸಿದಂಥ ದುಂಡನೆಯ ತೂತು ಬಿದ್ದಿದ್ದರೆ, ಬೆಕ್ಕು ಬಟ್ಟೆಯನ್ನು ಬಾಯಿಯ ಪಕ್ಕಕ್ಕೆ ತಂದು ದವಡೆಯ ಹಲ್ಲುಗಳಿಂದ ಕತ್ತರಿಸಿ ತಿಂದಿದೆ. ಇದು ಮೊದಲ ಪರೀಕ್ಷೆಯ ಕೆಳಗೆ ಬರುವ ತುರ್ತು ವಿಷಯ. ಸಿಯಾಮೀಸ್ ಮತ್ತು ಬರ್ಮೀಸ್ ತಳಿಗಳಲ್ಲಿ ಈ ಚಟ ಹೆಚ್ಚು. ನಮ್ಮ ನಾಡಿನ ಬೆಕ್ಕುಗಳಿಗೂ ಇದು ಇಲ್ಲವೆನ್ನುವಂತಿಲ್ಲ. ಬೇಸರ, ಒತ್ತಡ, ಹೊಟ್ಟೆಯ ತೊಂದರೆ ಇವು ಚಟವನ್ನು ಹೆಚ್ಚಿಸುತ್ತವೆ, ಹೊಸ ಬೆಕ್ಕಿನ ಆಗಮನ ಒತ್ತಡದ ದೊಡ್ಡ ಮೂಲ. ಹಳೆಯ ಬೆಕ್ಕು ಎಂದೂ ಇಲ್ಲದೆ ಈಗ ತಿನ್ನತೊಡಗಿದ್ದರೆ, ಹೊಸದರ ಪರಿಚಯವನ್ನು ಒಂದು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡು, ವೈದ್ಯರಿಂದ ತಪಾಸಣೆಯನ್ನೂ ಮಾಡಿಸಬೇಕು. ಇಂಥ ಬೆಕ್ಕಿರುವ ಮನೆಯಲ್ಲಿ ಉಲ್ಲನ್ ಬೀಗದೊಳಗೆ ಇರಬೇಕು, ಬುದ್ಧಿ ಹೇಳಿ ಬಿಡಿಸುವ ಚಟ ಇದಲ್ಲ.

ತೂತಿನ ದುರಸ್ತಿಗೆ, ತುಂಡಾದ ತುದಿಗಳನ್ನು ಎರಡೂ ಬದಿಯಲ್ಲಿ ಕೆಲವು ಕುಣಿಕೆಗಳಷ್ಟು ಹಿಂದಕ್ಕೆ ಬಿಡಿಸಿ, ಪೋಣಿಸಿ ಮುಚ್ಚಲು ಸಾಲುವಷ್ಟು ತುದಿ ಉಳಿಸಿಕೊಳ್ಳಿ. ಮೇಲಿನ ಮತ್ತು ಕೆಳಗಿನ ತೆರೆದ ಕುಣಿಕೆಗಳನ್ನು ಬೇರೆ ಬಣ್ಣದ ದಾರಕ್ಕೆ ಪೋಣಿಸಿ ಹಿಡಿದಿಟ್ಟು, ಅದೇ ಲಡಿಯ ಹೊಸ ದಾರದಿಂದ ಕುಣಿಕೆಯ ಹಾದಿಯನ್ನೇ ಅನುಸರಿಸಿ ರಫೂ ಮಾಡಬೇಕು. ಶುದ್ಧ ಉಣ್ಣೆಯಾದರೆ ತುದಿಗಳನ್ನು ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿದಾಗ ಎಳೆಗಳು ಬೆಸೆದುಕೊಳ್ಳುತ್ತವೆ, ಅಕ್ರಿಲಿಕ್‌ನಲ್ಲಿ ಅದು ಸಾಧ್ಯವಿಲ್ಲ.

ಕಡ್ಡಿಯಿಂದ ಜಾರಿದ ಸಾಲು

ಬುಟ್ಟಿ ಮಗುಚಿ, ಕಡ್ಡಿ ಒಂದೆಡೆ ಹೆಣಿಗೆ ಒಂದೆಡೆ ಬಿದ್ದಿದ್ದರೆ ಅದು ಉಲ್ಲನ್ ಮೇಲಿನ ಆಸೆಯಿಂದ ಆದದ್ದಲ್ಲ. ಒಂದು ಬೆಕ್ಕು ಇನ್ನೊಂದನ್ನು ಅಟ್ಟಿಸಿಕೊಂಡು ಓಡುವಾಗ ಆದದ್ದು. ಓಟದಲ್ಲಿ ಪಾತ್ರಗಳು ಅದಲುಬದಲಾಗುತ್ತಿದ್ದರೆ ಆಟ, ಒಂದೇ ಬೆಕ್ಕು ಸದಾ ಓಡುತ್ತಾ, ಕಿವಿ ಚಪ್ಪಟೆ ಮಾಡಿ ಮಂಚದ ಕೆಳಗೆ ಸೇರುತ್ತಿದ್ದರೆ ಅದು ಹಿಂಸೆ. ಎರಡನೆಯದಾದರೆ ಕುಣಿಕೆಗಳು ಕಾಯಲಿ, ಬೆಕ್ಕುಗಳನ್ನು ಬೇರ್ಪಡಿಸುವುದು ಮೊದಲು. ಕೆರಳಿದ ಬೆಕ್ಕನ್ನು ಬರಿಗೈಯಲ್ಲಿ ಎತ್ತಬೇಡಿ; ನಡುವೆ ದಿಂಬನ್ನೋ ರಟ್ಟನ್ನೋ ಹಿಡಿದು ದಾರಿ ತಪ್ಪಿಸಿ.

ಜಾರಿದ ಕುಣಿಕೆಗಳನ್ನು ಮೊದಲು ಒಂದು ಗಾತ್ರ ಸಣ್ಣ ಕಡ್ಡಿಗೆ ಏರಿಸುವುದು ಸುಲಭ. ಕಡ್ಡಿಯ ಎರಡು ಬದಿಗೆ ಇಳಿಯುವ ಎಳೆಗಳೇ ಕುಣಿಕೆಯ ಕಾಲುಗಳು; ಏರಿಸಿದ ಮೇಲೆ ಪ್ರತಿ ಕುಣಿಕೆಯ ಬಲಗಾಲು ಕಡ್ಡಿಯ ಮುಂದೆ ಇದೆಯೇ ನೋಡಬೇಕು. ಎಡಗಾಲು ಮುಂದಿದ್ದರೆ ಆ ಕುಣಿಕೆ ತಿರುಚಿಕೊಂಡು ಬಿಗಿಯಾಗುತ್ತದೆ. ಹಲವು ಸಾಲು ಇಳಿದ ಕುಣಿಕೆಯನ್ನು ಕ್ರೋಶಾ ಕಡ್ಡಿಯಿಂದ ಒಂದೊಂದೇ ಅಡ್ಡ ಎಳೆ ಹಿಡಿದು ಮೇಲಕ್ಕೆ ತರಬೇಕು, ಅಡ್ಡ ಎಳೆಗಳ ಕ್ರಮ ತಪ್ಪಬಾರದು. ಜಾಲರಿ ವಿನ್ಯಾಸದ ಶಾಲುಗಳಲ್ಲಿ ಇದು ಬಹಳ ಕಷ್ಟ. ಅಂಥ ಕೆಲಸಕ್ಕೆ ಪ್ರತಿ ಹತ್ತು ಹನ್ನೆರಡು ಸಾಲಿಗೊಮ್ಮೆ ನುಣುಪಾದ ತೆಳು ದಾರವನ್ನು ಸಾಲಿನ ಎಲ್ಲ ಕುಣಿಕೆಗಳೊಳಗೆ ಹಾಯಿಸಿಟ್ಟರೆ, ಎಷ್ಟೇ ಬಿಚ್ಚಿಹೋದರೂ ಅಲ್ಲಿಗೆ ನಿಲ್ಲುತ್ತದೆ. ಎರಡು ಬೆಕ್ಕುಗಳಿರುವ ಮನೆಯಲ್ಲಿ ಈ ಕಾವಲು ದಾರವಿಲ್ಲದೆ ಜಾಲರಿ ಶಾಲನ್ನು ಆರಂಭಿಸಲೇಬಾರದು.

ಬೆಕ್ಕಿನ ಲೆಕ್ಕಕ್ಕೆ ಸೇರದ ದೋಷಗಳು

ಕುಣಿಕೆಯ ಸಂಖ್ಯೆ ಹೆಚ್ಚಿದ್ದರೆ, ಅಕಾರಣವಾಗಿ ತೂತು ಬಿದ್ದಿದ್ದರೆ, ಎಳೆ ಎಲ್ಲಿಯೂ ಎದ್ದಿಲ್ಲದಿದ್ದರೆ ದೋಷ ಹೆಣೆಯುವ ಕೈಯದು. ಬೆಕ್ಕುಗಳ ಜಗಳ ಬಿಡಿಸಲು ಸಾಲಿನ ನಡುವೆ ಎದ್ದುಹೋಗಿ, ಮರಳಿ ಬಂದಾಗ ದಿಕ್ಕು ತಪ್ಪಿ ಹೆಣೆದರೆ, ಬಟ್ಟೆಯ ಒಂದು ಪಕ್ಕ ಎರಡು ಸಾಲು ಹೆಚ್ಚಾಗಿ, ತಿರುಗಿದ ಜಾಗದಲ್ಲಿ ಒಂದು ತೂತು ಉಳಿಯುತ್ತದೆ. ಉಂಡೆಗೆ ಹೋಗುವ ದಾರ ಸದಾ ಬಲಗೈ ಕಡ್ಡಿಯ ಕುಣಿಕೆಯಿಂದಲೇ ಹೊರಡಬೇಕೆಂದು ನೆನಪಿಟ್ಟರೆ ಈ ತಪ್ಪು ಆಗುವುದಿಲ್ಲ. ಸಾಲಿನ ಆರಂಭದಲ್ಲಿ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ ಮೊದಲ ಕುಣಿಕೆಯ ಎರಡು ಕಾಲುಗಳು ಎರಡು ಕುಣಿಕೆಗಳಂತೆ ಕಾಣುತ್ತವೆ, ಸಂಖ್ಯೆ ಹೆಚ್ಚುವುದು ಅಲ್ಲಿಂದಲೇ. ಮಡಿಲಲ್ಲಿ ಬೆಕ್ಕು ಮಲಗಿದಾಗ ಮೊಣಕೈ ಎತ್ತಿ ಹೆಣೆದ ಸಾಲುಗಳು ಬಿಗಿಯಾಗಿ ಬರುವುದೂ ಉಂಟು. ಅದಕ್ಕೆ ಬೆಕ್ಕನ್ನು ಇಳಿಸಬೇಕಾಗಿಲ್ಲ, ತೋಳಿನ ಕೆಳಗೆ ಒಂದು ದಿಂಬು ಇಟ್ಟರಾಯಿತು.

ಉಲ್ಲನ್ ಮೇಲೆ ಮೂತ್ರ

ಇಲ್ಲಿ ಎರಡು ಪ್ರಶ್ನೆಗಳಿವೆ: ಗುರುತು ಬುಟ್ಟಿಯ ಹೊರಮೈಗೆ, ನಿಂತ ಮೇಲ್ಮೈಗೆ ಸ್ವಲ್ಪವೇ ಸಿಡಿದಿದೆಯೇ, ಅಥವಾ ಮೆತ್ತನೆಯ ಉಲ್ಲನ್ ಮೇಲೆ ಪೂರ್ತಿ ಹರಡಿದೆಯೇ? ಮೊದಲನೆಯದು ಗಡಿಯ ಗುರುತು. ಸಂತಾನಹರಣ ಚಿಕಿತ್ಸೆ ಆಗಿರದ ಬೆಕ್ಕುಗಳಲ್ಲಿ ಹೆಚ್ಚು, ಚಿಕಿತ್ಸೆಯ ನಂತರ ಬಹುತೇಕ ಕಡಿಮೆಯಾಗುತ್ತದೆ. ಎರಡನೆಯದಾದರೆ ಲಿಟರ್ ಟ್ರೇಗೆ (ಬೆಕ್ಕು ಮಲಮೂತ್ರ ಮಾಡುವ ಮರಳಿನ ತಟ್ಟೆಗೆ) ಹೋಗುವ ದಾರಿಯಲ್ಲಿ ಇನ್ನೊಂದು ಬೆಕ್ಕು ಅಡ್ಡ ಕೂರುತ್ತಿದೆಯೇ ಎಂದು ಗಮನಿಸಬೇಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಟ್ರೇ ಇರಬೇಕು, ಅವು ಒಂದರ ಪಕ್ಕ ಒಂದಾಗಿರದೆ ಬೇರೆಬೇರೆ ಕೋಣೆಗಳಲ್ಲಿರಬೇಕು. ಒತ್ತಡದಿಂದ ಮೂತ್ರಕೋಶದ ಉರಿಯೂತವೂ ಬರುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿದರೂ ಹನಿ ಮೂತ್ರವೂ ಬರದಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಅದು ಅದೇ ದಿನ, ಅದೇ ಗಂಟೆಯಲ್ಲಿ ವೈದ್ಯರ ಬಳಿ ಹೋಗಬೇಕಾದ ಸ್ಥಿತಿ.

ತೊಳೆಯುವಾಗ ದಾರದ ಜಾತಿ ತಿಳಿದಿರಬೇಕು. ಬೆಕ್ಕಿನ ಮೂತ್ರದ ವಾಸನೆ ತೆಗೆಯಲು ಮಾರುವ ಕಿಣ್ವಯುಕ್ತ ದ್ರವಗಳು ಅಕ್ರಿಲಿಕ್‌ಗೆ ಸರಿ. ಆದರೆ ಉಣ್ಣೆ ಮತ್ತು ರೇಷ್ಮೆ ಎರಡೂ ಪ್ರೋಟೀನಿನ ಎಳೆಗಳಾದ್ದರಿಂದ, ಪ್ರೋಟೀನನ್ನು ಒಡೆಯುವ ಕಿಣ್ವ ಅವುಗಳನ್ನೂ ಸವೆಸುತ್ತದೆ. ಉಣ್ಣೆಯನ್ನು ತಣ್ಣೀರಿನಲ್ಲಿ ನೆನೆಸಿ, ಬಿಳಿ ವಿನೆಗರ್ ಸ್ವಲ್ಪ ಬೆರೆಸಿದ ನೀರಿನಲ್ಲಿ ಅದ್ದಿ, ಉಣ್ಣೆಗೆಂದೇ ಇರುವ ಸೌಮ್ಯ ದ್ರವದಿಂದ ತೊಳೆಯಬೇಕು. ಬಣ್ಣ ಬಿಡುತ್ತದೆಯೇ ಎಂದು ಮೊದಲು ಒಂದು ತುಂಡಿನಲ್ಲಿ ನೋಡಬೇಕು. ಬಿಸಿನೀರು, ಉಜ್ಜುವುದು, ಹಿಂಡುವುದು ಉಣ್ಣೆಯನ್ನು ಕುಗ್ಗಿಸಿ ಕಂಬಳಿಯಂತೆ ಮಾಡುತ್ತವೆ. ನೆಲ ಒರೆಸಲು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಫಿನಾಯಿಲನ್ನು ಬೆಕ್ಕಿರುವ ಕಡೆ ಬಳಸಬಾರದು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಹೊರಹಾಕಲಾರದು, ಪಂಜಕ್ಕೆ ಅಂಟಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ.

ಮೂಲ ಕಾರಣ: ಪರಿಚಯದ ಅವಸರ

ಮೇಲಿನ ಹಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವಸರದ ಪರಿಚಯದಿಂದಲೇ ಹುಟ್ಟುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಹೊಸ ಬೆಕ್ಕಿಗೆ ಮೊದಲು ಬಾಗಿಲು ಮುಚ್ಚುವ ಒಂದು ಕೋಣೆ, ಅದರದೇ ಟ್ರೇ, ನೀರು, ಊಟ, ಅಡಗಲು ಒಂದು ರಟ್ಟಿನ ಪೆಟ್ಟಿಗೆ ಬೇಕು. ಬೀದಿಯಿಂದ ಬಂದ ಮರಿಯಾದರೆ ಚಿಗಟ, ಹುಳುಕಡ್ಡಿ ಮತ್ತು ಬೆಕ್ಕುಗಳ ಮಾರಕ ವೈರಸ್ ರೋಗವಾದ ಪ್ಯಾನ್‌ಲ್ಯುಕೋಪೀನಿಯಾದ ಭಯ ಕಳೆಯುವವರೆಗೆ, ಸಾಮಾನ್ಯವಾಗಿ ಎರಡು ವಾರ, ಈ ಪ್ರತ್ಯೇಕತೆ ಅನಿವಾರ್ಯ. ಹುಳುಕಡ್ಡಿಯ ಶಿಲೀಂಧ್ರದ ಕಣಗಳು ಉಲ್ಲನ್‌ನಲ್ಲಿ ಸಿಕ್ಕಿಕೊಂಡು ಹಳೆಯ ಬೆಕ್ಕಿಗೂ ಮನುಷ್ಯರಿಗೂ ಹರಡುವುದರಿಂದ, ಆ ಕೋಣೆಯೊಳಗೆ ಹೆಣಿಗೆಯನ್ನು ಒಯ್ಯಲೇಬಾರದು.

ವಾಸನೆಯ ವಿನಿಮಯಕ್ಕೆ ಹೆಣೆಯುವವರ ಬಳಿ ಒಳ್ಳೆಯ ಸಾಧನವೊಂದು ಆಗಲೇ ಇದೆ: ಬಿಗಿತ ಅಳೆಯಲೆಂದು ಹೆಣೆದ 10 ಸೆಂಟಿಮೀಟರ್ ಚೌಕದ ಮಾದರಿ ತುಂಡು. ವೈದ್ಯರು ಮರಿ ಆರೋಗ್ಯವಾಗಿದೆ ಎಂದ ಮೇಲೆ, ಹತ್ತಿ ದಾರದ, ತುದಿಗಳನ್ನು ಒಳಗೆ ಪೋಣಿಸಿ ಮುಗಿಸಿದ ಒಂದು ತುಂಡನ್ನು ಒಂದು ಬೆಕ್ಕಿನ ಕೆನ್ನೆಗೆ ಮೆಲ್ಲಗೆ ಸವರಿ, ಇನ್ನೊಂದರ ಊಟದ ತಟ್ಟೆಯಿಂದ ಸ್ವಲ್ಪ ದೂರದಲ್ಲಿಡಿ. ಊಟ ಮುಗಿದೊಡನೆ ಎತ್ತಿಡಿ. ಬುಸುಗುಟ್ಟಿದರೆ ಇನ್ನಷ್ಟು ದೂರ, ಲೆಕ್ಕಿಸದೆ ಉಂಡರೆ ಮರುದಿನ ಇನ್ನೂ ಹತ್ತಿರ. ಚೀಪುವ ಬೆಕ್ಕಿದ್ದರೆ ಮಾತ್ರ ಹೆಣೆದ ತುಂಡಿನ ಬದಲು ಟವೆಲಿನ ಚೂರು ಬಳಸಬೇಕು. ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಊಟ, ಅದಾದ ಮೇಲೆ ನೋಟ. ಬಹಳ ಮನೆಗಳಲ್ಲಿರುವ ಸೊಳ್ಳೆ ಪರದೆಯ ಬಾಗಿಲು ಈ ನೋಟದ ಹಂತಕ್ಕೆ ಚೆನ್ನಾಗಿ ಒದಗುತ್ತದೆ, ಆದರೆ ಪರದೆ ಸ್ಟೀಲಿನದಾಗಿರಬೇಕು. ನೈಲಾನ್ ಪರದೆಯನ್ನು ಉಗುರು ಹರಿಯುತ್ತದೆ. ಪರದೆಯ ಎದುರು ಇಬ್ಬರೂ ನೆಟ್ಟ ನೋಟವಿಲ್ಲದೆ ಉಣ್ಣತೊಡಗಿದಾಗ ಮಾತ್ರ ಬಾಗಿಲು ತೆರೆದು ಕೆಲವೇ ನಿಮಿಷಗಳ ಭೇಟಿ. ಕೆಲವು ಬೆಕ್ಕುಗಳಿಗೆ ಇದೆಲ್ಲ ವಾರಗಳಲ್ಲಿ ಮುಗಿಯುತ್ತದೆ, ಕೆಲವಕ್ಕೆ ತಿಂಗಳುಗಳು ಬೇಕು. ಆ ಮೊದಲ ಭೇಟಿಗಳ ಹೊತ್ತಿನಲ್ಲಿ ಕೈಯಲ್ಲಿ ಕಡ್ಡಿ, ಉಲ್ಲನ್ ಇರಬಾರದು.

ದಾರವನ್ನು ಎತ್ತಿಡುವ ಬಗೆ

ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ಅಥವಾ ಜಿಪ್ ಇರುವ ಚೀಲವೇ ಸಾಕು. ನುಸಿಯ ಭಯಕ್ಕೆ ಉಲ್ಲನ್ ಜೊತೆ ನುಸಿಗುಳಿಗೆ ಇಡುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ, ಬೆಕ್ಕು ಬಂದ ಮನೆಯಲ್ಲಿ ಅದು ನಿಲ್ಲಬೇಕು. ನ್ಯಾಫ್ತಲೀನ್ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕರ್ಪೂರವೂ ಅದಕ್ಕೆ ವಿಷವೇ. ಅದರ ಬದಲು ದಾರವನ್ನು ಆಗಾಗ ಬಿಸಿಲಿಗೆ ಹಾಕಿ, ಕೊಡವಿ, ಪೂರ್ತಿ ಆರಿದ ಮೇಲೆ ಒಣ ಬೇವಿನ ಸೊಪ್ಪಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಬಹುದು. ಈಗಾಗಲೇ ನುಸಿಗುಳಿಗೆಯ ಜೊತೆ ಇದ್ದ ಲಡಿಗಳನ್ನು ಬೆಕ್ಕು ಹೋಗದ ಬಾಲ್ಕನಿಯಲ್ಲಿ ಹಲವು ದಿನ ಹರಡಿ, ತೊಳೆದು, ವಾಸನೆ ಲವಲೇಶವೂ ಉಳಿದಿಲ್ಲವೆಂದು ಖಚಿತವಾದ ಮೇಲೆಯೇ ಒಳಗೆ ತರಬೇಕು.